ಪ್ರೈವೇಟ್ ಬ್ಯಾಂಕಿನ ಕೌಂಟರ್ ಬಿಟ್ಟು ಗ್ರಾಮೀಣ ಬ್ಯಾಂಕಿಗೆ: ಹೋಗಲಾ, ಇನ್ನೊಂದು ವರ್ಷ ಕಾಯಲಾ?

ಅಂಕೋಲೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಕಾರವಾರದ ಒಂದು ಪ್ರೈವೇಟ್ ಬ್ಯಾಂಕಿನಲ್ಲಿ ಟೆಲ್ಲರ್ ಆಗಿದ್ದೇನೆ. ಹೆಸರು ಬೇಡ, ನಮ್ಮ ಮ್ಯಾನೇಜರ್ ಇಲ್ಲೇ ಇದ್ದರೆ ಕಷ್ಟ. ಬಿ.ಕಾಂ. ಮುಗಿದದ್ದೇ ಸೇರಿದ ಕೆಲಸ. ಮನೆ ಅಂಕೋಲೆ, ಬೆಳಿಗ್ಗೆ ಬಸ್ಸು, ರಾತ್ರಿ ಬಸ್ಸು. ಈಗ ಐಬಿಪಿಎಸ್ ಆರ್‌ಆರ್‌ಬಿ ಪರೀಕ್ಷೆಯಲ್ಲಿ (ಗ್ರಾಮೀಣ ಬ್ಯಾಂಕುಗಳಿಗೆ ಐಬಿಪಿಎಸ್ ಸಂಸ್ಥೆ ನಡೆಸುವ ನೇಮಕಾತಿ ಪರೀಕ್ಷೆ) ಆಫೀಸ್ ಅಸಿಸ್ಟೆಂಟ್, ಅಂದರೆ ಕ್ಲರ್ಕ್ ಹುದ್ದೆಗೆ ಕರ್ನಾಟಕ ಗ್ರಾಮೀಣ ಬ್ಯಾಂಕ್ ಅಲಾಟ್ ಆಗಿದೆ.

ಕೌಂಟರ್ ಕೆಲಸ ನನಗೆ ಬೇಜಾರಿಲ್ಲ. ಮೀನುಪೇಟೆಯಿಂದ ಬರುವ ನೋಟಿನ ಕಟ್ಟು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಎಣಿಸುವ ಮಷೀನಿಗೆ ಹಾಕಿದರೆ ಅಲ್ಲೇ ನಿಲ್ಲುತ್ತದೆ. ಫ್ಯಾನಿನ ಕೆಳಗೆ ಹರಡಿ, ಒಣಗಿಸಿ, ಕೈಯಲ್ಲೇ ಎಣಿಸುತ್ತೇನೆ. ಅದೆಲ್ಲ ರೂಢಿಯಾಗಿದೆ. ಬೇಜಾರು ಶುರುವಾಗುವುದು ಕೌಂಟರ್ ಮುಚ್ಚಿದ ಮೇಲೆ. ಕ್ಯಾಶ್ ಟ್ಯಾಲಿ ಆಗುವುದೇ ತಡ, "ಇವತ್ತು ಎಷ್ಟು ಇನ್ಶೂರೆನ್ಸ್, ಎಷ್ಟು ಕ್ರೆಡಿಟ್ ಕಾರ್ಡ್" ಅಂತ ಮೇಲಿನಿಂದ ಕಾಲ್. ಎಫ್‌ಡಿ ಇಡಲು ಬಂದ ಅಜ್ಜಿಗೆ ಪಾಲಿಸಿ ಹಿಡಿಸಬೇಕು. ಅದು ನನ್ನಿಂದ ಆಗುವುದಿಲ್ಲ.

ಮನೆಯಲ್ಲಿ ಎರಡು ಪಕ್ಷ. ಆಯಿ "ಹೋಗು" ಅಂತಾಳೆ. ಮಾವ (ಹುಬ್ಬಳ್ಳಿಯಲ್ಲಿ ಇರುವವರು, ಎಲ್ಲದಕ್ಕೂ ಅಭಿಪ್ರಾಯ ಇರುವವರು) "ಗ್ರಾಮೀಣ ಬ್ಯಾಂಕು ಸರ್ಕಾರಿ ಅಲ್ಲ, ಒಂದು ವರ್ಷ ಕಾದು ದೊಡ್ಡ ಬ್ಯಾಂಕಿನ ಕ್ಲರ್ಕ್ ಮಾಡ್ಕೊ" ಅಂತಾರೆ. ಪೋಸ್ಟಿಂಗ್ ಎಲ್ಲಿ ಕೊಡಬಹುದು? ಇಲ್ಲಿ 60 ದಿನ ನೋಟಿಸ್ ಇದೆ, ಅವರು ಅಷ್ಟು ಕಾಯುತ್ತಾರಾ? ಅಲ್ಲಿ ಟಾರ್ಗೆಟ್ ಇಲ್ಲವಾ? ಅನುಭವ ಇದ್ದವರು ಹೇಳಿ.

ಕೌಂಟರ್ ನಂಬರ್ 3

ಹೋಗಿ. ಯೋಚನೆ ಮಾಡುವಂಥದ್ದೇನಿದೆ ಇದರಲ್ಲಿ?

ಘಟ್ಟದ ಮೇಲಿನವ

ಮೇಲಿನವರು ಹೇಳಿದಷ್ಟು ಸಸಾರ ಅಲ್ಲ ಮಾರಾಯ್ರೆ. ನಾನು ಅದೇ ಹುದ್ದೆಯಲ್ಲಿ ಇದ್ದೇನೆ, ಶಿರಸಿ ಕಡೆಯವ. ಅಂಕೋಲೆಯವರೇ, ಮೊದಲು ಟಾರ್ಗೆಟ್ ವಿಷಯ. ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜೀವನ ಜ್ಯೋತಿ, ಸುರಕ್ಷಾ ಬಿಮಾ, ಅಟಲ್ ಪೆನ್ಶನ್ ಅಂತ ಕೇಂದ್ರ ಸರ್ಕಾರದ ವಿಮೆ, ಪಿಂಚಣಿ ಯೋಜನೆ ಇವೆಯಲ್ಲ, ಎಲ್ಲದಕ್ಕೂ ಇಷ್ಟು ಮಾಡಿ ಅಂತ ಬರುತ್ತದೆ. ಆದರೆ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ ₹20, ಜೀವನ ಜ್ಯೋತಿಗೆ ₹436. ಅಜ್ಜಿಗೆ ಸುರಕ್ಷಾ ಮಾಡಿಸಿ ರಾತ್ರಿ ನಿದ್ದೆ ಬರದೇ ಇರುವಂಥ ಪಾಪ ಏನೂ ಅಲ್ಲ ಅದು (ಅಜ್ಜಿಗೆ 70 ದಾಟಿದ್ದರೆ ಅದೂ ಸಿಗುವುದಿಲ್ಲ, ಅದು ಬೇರೆ ಮಾತು).

ಕೆಲಸ ಕೌಂಟರೇ, ಆದರೆ ನಿಮ್ಮಲ್ಲಿ ಇದ್ದ ಹಾಗೆ ಒಬ್ಬರಿಗೆ ಒಂದೇ ಕೆಲಸ ಅಲ್ಲ. ಹುದ್ದೆಯ ಹೆಸರಲ್ಲೇ ಮಲ್ಟಿಪರ್ಪಸ್ ಇದೆ, ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಸಣ್ಣ ಬ್ರಾಂಚಿನಲ್ಲಿ ಮ್ಯಾನೇಜರು, ಒಬ್ಬ ಆಫೀಸರು, ನಾವು ಒಬ್ಬರೋ ಇಬ್ಬರೋ. ಬೆಳಿಗ್ಗೆ ಕ್ಯಾಶ್, ನಡುವೆ ಪಾಸ್‌ಬುಕ್ ಎಂಟ್ರಿ, ಬಂಗಾರದ ಸಾಲಕ್ಕೆ ಸರಾಫರು ಬಂದರೆ ಅವರ ಜೊತೆ ತೂಕ ಬರೆದುಕೊಳ್ಳುವುದು, ಬೆಳೆಸಾಲದ ರಿನ್ಯೂವಲ್ ಸಮಯದಲ್ಲಿ ಪಹಣಿ ನೋಡುವುದು, ನರೇಗಾ ದುಡ್ಡು ಬಂತಾ ಅಂತ ಕೇಳಲು ಬಂದವರಿಗೆ ಆಧಾರ್ ಲಿಂಕ್ ಆಗಿದೆಯಾ ನೋಡಿ ಹೇಳುವುದು. ಸೇಫಿನ ಕೀಲಿ ಇಬ್ಬರ ಜಂಟಿ ಸುಪರ್ದಿ. ಒಂದು ಕೀಲಿ ನಿಮ್ಮ ಕೈಗೆ ಬಂತೋ, ರಜೆ ಹಾಕುವ ಮುಂಚೆ ಕೀಲಿ ಯಾರಿಗೆ ಕೊಡುವುದು ಅಂತ ಹುಡುಕಬೇಕು. ಮನೆಯಲ್ಲಿ ಮದುವೆ ಇದ್ದರೂ ಅಷ್ಟೇ.

ಆದರೂ ಒಂದು ಮಾತು. ಇಲ್ಲಿ ಸಾಯಂಕಾಲ ಬಾಗಿಲು ಹಾಕಿದ ಮೇಲೆ ಮನೆಗೆ ಹೋದರೆ ಮನೆಗೇ ಹೋದ ಲೆಕ್ಕ.

ಖಾಸಗಿಯೇ ಸೈ

ಒಂದು ವಿರುದ್ಧ ಮಾತು ಇರಲಿ. ನಾನೂ ಟೆಲ್ಲರ್ ಆಗಿಯೇ ಸೇರಿದವ, ಈಗ ಪ್ರೈವೇಟ್ ಬ್ಯಾಂಕಿನಲ್ಲೇ ಬ್ರಾಂಚ್ ಆಪರೇಶನ್ಸ್ ನೋಡಿಕೊಳ್ತೇನೆ. ಟಾರ್ಗೆಟ್ ಮುಟ್ಟಿದವನಿಗೆ ಇಲ್ಲಿ ಬೇಗ ಮೇಲೆ ಹೋಗುವ ದಾರಿ ಇದೆ. ಸರ್ಕಾರಿಯಲ್ಲಿ ನೀವೆಷ್ಟೇ ಚುರುಕಾಗಿದ್ದರೂ ಪಕ್ಕದವನಿಗೂ ನಿಮಗೂ ಒಂದೇ ಇನ್‌ಕ್ರಿಮೆಂಟ್. ಇನ್ಶೂರೆನ್ಸ್ ಮಾರುವುದು ತಪ್ಪು ಅಂತ ನನಗೆ ಅನಿಸುವುದಿಲ್ಲ, ತಪ್ಪಾದವರಿಗೆ ಮಾರುವುದು ತಪ್ಪು.

ಅಂಕೋಲೆ ಹುಡುಗಿ

@ಖಾಸಗಿಯೇ ಸೈ, ಯಾರಿಗೆ ಮಾರಬೇಕು ಅಂತ ಆರಿಸುವ ಅಧಿಕಾರ ನನಗೆ ಇದ್ದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ ಅಣ್ಣಾ.

ಖಾಸಗಿಯೇ ಸೈ

ಅದು ಸರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹಳೇ ಸಿಂಡಿಕೇಟ್

ನಿಮ್ಮ ಮಾವನವರ ಮಾತಿಗೆ ನಾನು ಉತ್ತರ ಕೊಡುತ್ತೇನೆ ತಂಗೀ. ಕುಮಟಾದಲ್ಲಿ ಇದ್ದೇನೆ, ಬ್ಯಾಂಕಿನಿಂದ ನಿವೃತ್ತ. ಸ್ವಲ್ಪ ಉದ್ದವಾದೀತು, ತಾಳ್ಮೆ ಇದ್ದವರು ಓದಿ.

"ಗ್ರಾಮೀಣ ಬ್ಯಾಂಕು ಸರ್ಕಾರಿ ಅಲ್ಲ" ಅನ್ನುವುದು ನಮ್ಮ ಕಾಲದಿಂದ ಕೇಳಿದ ಮಾತು, ಹೆಣ್ಣು ಕೊಡುವಾಗಲೂ ಕೇಳುತ್ತಿದ್ದರು. ದೇಶದಲ್ಲಿ ಈ ಬ್ಯಾಂಕುಗಳು ಶುರುವಾದದ್ದು 1975ರ ಅಕ್ಟೋಬರ್ 2ರಂದು. ಬಂಡವಾಳದಲ್ಲಿ ಕೇಂದ್ರ ಸರ್ಕಾರದ್ದು ನೂರಕ್ಕೆ 50, ರಾಜ್ಯ ಸರ್ಕಾರದ್ದು 15, ಪ್ರಾಯೋಜಕ ಬ್ಯಾಂಕಿನದು (ಅದನ್ನು ಹುಟ್ಟುಹಾಕಿ ನೋಡಿಕೊಳ್ಳುವ ದೊಡ್ಡ ಸರ್ಕಾರಿ ಬ್ಯಾಂಕು) 35. ಇದರಲ್ಲಿ ಖಾಸಗಿ ಎಲ್ಲಿ ಬಂತು? ಸಂಬಳ ಕಡಿಮೆ ಅನ್ನುವ ಹಳೇ ಮಾತಿಗೆ ಒಂದು ಕಾಲದಲ್ಲಿ ಅರ್ಥ ಇತ್ತು. ಆಗ ಗ್ರಾಮೀಣ ಬ್ಯಾಂಕಿನವರಿಗೆ ರಾಜ್ಯ ಸರ್ಕಾರಿ ನೌಕರರ ಸಂಬಳ. ಅವರು ಹೋರಾಡಿ, ರಾಷ್ಟ್ರೀಯ ಕೈಗಾರಿಕಾ ನ್ಯಾಯಮಂಡಳಿ 1990ರಲ್ಲಿ ತೀರ್ಪು ಕೊಟ್ಟಿತು. 1987ರ ಸೆಪ್ಟೆಂಬರ್ 1ರಿಂದ ಲೆಕ್ಕ ಹಿಡಿದು ಪ್ರಾಯೋಜಕ ಬ್ಯಾಂಕಿನವರಿಗೆ ಸಮನಾದ ಸಂಬಳ. ಮಾವನವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ ಅಂತ ಕಾಣುತ್ತದೆ.

ಇನ್ನು ಪೋಸ್ಟಿಂಗ್. ಇಲ್ಲಿ ನಾನು ಆಸೆ ತೋರಿಸುವುದಿಲ್ಲ. ನಮ್ಮ ಜಿಲ್ಲೆಗೆ ವರದಾ ಗ್ರಾಮೀಣ ಬ್ಯಾಂಕ್ ಅಂತ ಇತ್ತು, ಹೆಡ್ಡಾಫೀಸು ಇಲ್ಲೇ ಕುಮಟಾದಲ್ಲಿ. ಟ್ರಾನ್ಸ್‌ಫರ್ ಅರ್ಜಿ ಹಿಡಿದು ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಿತ್ತು. 2005ರಲ್ಲಿ ಅದು, ಮಲಪ್ರಭಾ, ಬಿಜಾಪುರ, ನೇತ್ರಾವತಿ ಎಲ್ಲ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು, ಹೆಡ್ಡಾಫೀಸು ಧಾರವಾಡಕ್ಕೆ ಹೋಯಿತು. ಆಗ ವ್ಯಾಪ್ತಿ ಒಂಬತ್ತು ಜಿಲ್ಲೆ. 2025ರ ಮೇ 1ರಿಂದ ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು, ಹೆಡ್ಡಾಫೀಸು ಬಳ್ಳಾರಿ. ಅಂದರೆ ಈಗ ವ್ಯಾಪ್ತಿ ಇಡೀ ಕರ್ನಾಟಕ. ಅಂಕೋಲೆಗೇ ಹಾಕುತ್ತಾರೆ ಅಂತ ಲೆಕ್ಕ ಹಾಕಿ ಸೇರಬೇಡ. ರಾಯಚೂರಿಗೋ ಬೀದರಿಗೋ ಹಾಕಿದರೂ ಹೋಗುತ್ತೇನೆ ಅನ್ನುವ ಮನಸ್ಸಿದ್ದರೆ ಸೇರು. ಜಿಲ್ಲೆಯೊಳಗೇ ಸಿಕ್ಕರೂ ಜೋಯಿಡಾದ ಒಳಗೆ ಸಿಕ್ಕೀತು.

ಕಾಯುವ ವಿಷಯ. ಕೈಗೆ ಬಂದ ಅಲಾಟ್‌ಮೆಂಟ್ ಬಿಟ್ಟು ಬರುವ ವರ್ಷದ ಪರೀಕ್ಷೆ ನಂಬುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಸೇರಿದ ಮೇಲೂ ಪರೀಕ್ಷೆ ಬರೆಯಬಹುದಲ್ಲ.

ಎರಡೂ ನೀರು ಕುಡಿದವ

ಹಿರಿಯರು ಕೊನೆಗೆ ಹೇಳಿದ್ದಕ್ಕೆ ಒಂದು ಬಾಲ ಸೇರಿಸುತ್ತೇನೆ, ಯಾಕೆಂದರೆ ಬಹಳ ಹುಡುಗರು ಅಲ್ಲೇ ಎಡವುತ್ತಾರೆ. ನಾನು ಒಂದು ರಾಷ್ಟ್ರೀಕೃತ ಬ್ಯಾಂಕಿನ ಕ್ಲರ್ಕ್ ಕೆಲಸ ಬಿಟ್ಟು ಇನ್ನೊಂದು ರಾಷ್ಟ್ರೀಕೃತ ಬ್ಯಾಂಕಿನ ಕ್ಲರ್ಕ್ ಆದವ. ಈಗ ಆ ಹುದ್ದೆಗೆ ಐಬಿಪಿಎಸ್‌ನವರು ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಅಂತ ಹೆಸರಿಟ್ಟಿದ್ದಾರೆ, ಕೆಲಸ ಅದೇ.

ಪ್ರೈವೇಟ್‌ನಿಂದ ಗ್ರಾಮೀಣ ಬ್ಯಾಂಕಿಗೆ ಬರುವುದು ಒಂದು. ಅಲ್ಲಿ ನೀವು ಕಳೆದುಕೊಳ್ಳುವುದು ಬಹಳ ಇಲ್ಲ. ಆದರೆ ಗ್ರಾಮೀಣ ಬ್ಯಾಂಕಿನಲ್ಲಿ ಮೂರು ವರ್ಷ ಕೂತು ಮತ್ತೆ ಅದೇ ದರ್ಜೆಗೆ ಬೇರೆ ಬ್ಯಾಂಕಿಗೆ ಹಾರುವುದು ಇನ್ನೊಂದು. ಲೆಕ್ಕ ನೋಡಿ. 12ನೇ ದ್ವಿಪಕ್ಷೀಯ ಒಪ್ಪಂದದ (ಬ್ಯಾಂಕುಗಳೂ ನೌಕರರ ಸಂಘಗಳೂ ಮಾಡಿಕೊಂಡ ವೇತನ ಒಪ್ಪಂದ) ಪ್ರಕಾರ ಕ್ಲರ್ಕ್ ಮೂಲವೇತನ ಶುರುವಾಗುವುದು ₹24,050ಕ್ಕೆ. ಮೊದಲ ಮೂರು ಇನ್‌ಕ್ರಿಮೆಂಟ್ ತಲಾ ₹1,340. ಮೂರು ವರ್ಷ ಆದವನ ಮೂಲವೇತನ ₹28,070. ಅವನು ಹೊಸ ಬ್ಯಾಂಕಿಗೆ ಹೊಸಬನಾಗಿ ಹೋದರೆ ಮತ್ತೆ ₹24,050. ತಿಂಗಳಿಗೆ ₹4,020 ಮೂಲದಲ್ಲೇ ಹೋಯಿತು, ಅದರ ಮೇಲಿನ ಡಿಎ ಬೇರೆ. ಮೇಲಾಗಿ ಸೀನಿಯಾರಿಟಿ ಸೊನ್ನೆ. ಪ್ರಮೋಶನ್‌ಗೆ ಇಷ್ಟು ವರ್ಷ ಸೇವೆ ಬೇಕು ಅನ್ನುವ ಎಣಿಕೆ ಮೊದಲಿನಿಂದ. ಗ್ರಾಚ್ಯುಯಿಟಿ ಲೆಕ್ಕವೂ ಹೊಸತಾಗಿ ಶುರು.

ಪೇ ಪ್ರೊಟೆಕ್ಷನ್, ಅಂದರೆ ಹಳೇ ಮೂಲವೇತನ ಹೊಸ ಬ್ಯಾಂಕಿನಲ್ಲೂ ಉಳಿಸಿಕೊಡುವುದು, ಸಿಗುತ್ತದೆ ಅಂತ ಹೇಳುವವರು ಇದ್ದಾರೆ. ಕೇಳುವುದಾದರೆ ಪರೀಕ್ಷೆಗೆ ಅರ್ಜಿ ಹಾಕುವಾಗಲೇ ಈಗಿನ ಬ್ಯಾಂಕಿಗೆ ತಿಳಿಸಿ, ಎನ್‌ಒಸಿ ತೆಗೆದುಕೊಂಡು, ಸರಿಯಾಗಿ ರಿಲೀವ್ ಆಗಿ ಬಂದಿರಬೇಕು. ಆಮೇಲೆ ಹೊಸ ಬ್ಯಾಂಕಿನ ಎಚ್‌ಆರ್‌ಗೆ ಬರಹದಲ್ಲಿ ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಬೇಕು. ನಮ್ಮ ಬ್ರಾಂಚಿಗೆ ಬಂದ ಒಬ್ಬರು ಕದ್ದು ಪರೀಕ್ಷೆ ಬರೆದು, ಹಳೇ ಕೆಲಸ ಇತ್ತು ಅನ್ನುವುದನ್ನೇ ಮುಚ್ಚಿಟ್ಟು ಸೇರಿದ್ದರು. ಎನ್‌ಪಿಎಸ್ (ಪಿಂಚಣಿ ಯೋಜನೆ) ಖಾತೆಯ ಪ್ರಾನ್ ನಂಬರ್ ಹಾಕುವಾಗ ಎಲ್ಲ ಹೊರಬಂತು. ಒಬ್ಬರಿಗೆ ಒಂದೇ ಪ್ರಾನ್, ಅದು ಬ್ಯಾಂಕಿನಿಂದ ಬ್ಯಾಂಕಿಗೆ ಹಿಂದೆಯೇ ಬರುತ್ತದೆ. ಒಳ್ಳೆಯದೂ ಹೌದು, ಬ್ಯಾಂಕಿನವರು ಹಾಕುವ ನೂರಕ್ಕೆ 14 ಭಾಗ ಅಲ್ಲೇ ಕೂತಿರುತ್ತದೆ. ಕದ್ದು ಬಂದವರಿಗೆ ಮಾತ್ರ ತಲೆನೋವು.

ನನ್ನ ತೀರ್ಮಾನ ಇಷ್ಟು: ಒಂದೇ ದರ್ಜೆಯಲ್ಲಿ ಅಡ್ಡಕ್ಕೆ ಹಾರುವುದಿದ್ದರೆ ಊರಿಗಾಗಿ ಹಾರಿ, ಸಂಬಳಕ್ಕಾಗಿ ಅಲ್ಲ. ಸಂಬಳ ಬೇಕಿದ್ದರೆ ಮುಂದಿನ ಪರೀಕ್ಷೆ ಆಫೀಸರ್ ಸ್ಕೇಲ್ 1ಕ್ಕೇ ಬರೆಯಿರಿ. ಅಲ್ಲಿ ಮೂಲವೇತನ ಶುರುವಾಗುವುದೇ ₹48,480ಕ್ಕೆ, ಕ್ಲರ್ಕ್‌ಗಿಂತ ಎರಡು ಪಾಲು. ನಾನು ಬಂದದ್ದು ಊರಿಗಾಗಿಯೇ. ಅಪ್ಪನಿಗೆ ಮೈ ಹುಷಾರಿರಲಿಲ್ಲ.

ಘಟ್ಟದ ಮೇಲಿನವ

ಈ ಲೆಕ್ಕ ನನಗೇ ಹೇಳಿದ ಹಾಗಿದೆ. ಎಸ್‌ಬಿಐ ಜೂನಿಯರ್ ಅಸೋಸಿಯೇಟ್‌ಗೆ ಫಾರ್ಮ್ ತುಂಬಿ ಕೂತಿದ್ದೆ. ಅಲ್ಲಿ ಪದವೀಧರರಿಗೆ ಎರಡು ಇನ್‌ಕ್ರಿಮೆಂಟ್ ಸೇರಿಸಿ ₹26,730ಕ್ಕೆ ಶುರು ಅಂತಾರೆ, ಅದು ನೋಡಿ ಆಸೆ ಹುಟ್ಟಿತ್ತು.

ಎರಡೂ ನೀರು ಕುಡಿದವ

₹26,730 ನೋಡಲು ಚಂದ. ನಿಮ್ಮ ಈಗಿನ ಸ್ಯಾಲರಿ ಸ್ಲಿಪ್ಪಿನಲ್ಲಿ ಮೂಲವೇತನ ಎಷ್ಟಿದೆ ಅದನ್ನು ಪಕ್ಕಕ್ಕಿಟ್ಟು ನೋಡಿ. ಜೆಎಐಐಬಿ (ಬ್ಯಾಂಕ್ ನೌಕರರು ಬರೆಯುವ ವೃತ್ತಿ ಪರೀಕ್ಷೆ) ಮಾಡಿದ್ದೀರಾ?

ಘಟ್ಟದ ಮೇಲಿನವ

ಎರಡು ಪೇಪರ್ ಆಗಿದೆ, ಎರಡು ಬಾಕಿ. ಅಕೌಂಟಿಂಗ್ ಪೇಪರ್ ಕೈ ಕೊಡ್ತಾ ಇದೆ.

ಎರಡೂ ನೀರು ಕುಡಿದವ

ಮೊದಲು ಅದನ್ನು ಮುಗಿಸಿ. ಪಾಸಾದರೆ ಒಂದು ಇನ್‌ಕ್ರಿಮೆಂಟ್ ಇದ್ದಲ್ಲೇ ಸಿಗುತ್ತದೆ. ಸರ್ಟಿಫಿಕೇಟು ನಿಮ್ಮದು, ಯಾವ ಬ್ಯಾಂಕಿಗೆ ಹೋದರೂ ಜೊತೆಗೆ ಬರುತ್ತದೆ.

ಸದಾಶಿವಗಡ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಇನ್ನೂ ಪರೀಕ್ಷೆ ಬರೆಯುವವ. ಮನೆಮಾತು ಕೊಂಕಣಿ. ಕ್ಲರ್ಕ್ ಪರೀಕ್ಷೆಗೆ ಗೋವಾ ಹಾಕಲಾ, ಕರ್ನಾಟಕ ಹಾಕಲಾ? ಮಡಗಾಂವ್ ನಮಗೆ ಶಿರಸಿಗಿಂತ ಹತ್ತಿರ.

ಕೌಂಟರ್ ನಂಬರ್ 3

ಒಂದೇ ರಾಜ್ಯಕ್ಕೆ ಹಾಕಲು ಬರುತ್ತದೆ, ಎರಡಕ್ಕೂ ಇಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಕೊಂಕಣಿಯಲ್ಲೂ ಸಿಗುತ್ತದೆ, ಅದು ತೊಂದರೆ ಇಲ್ಲ. ತೊಂದರೆ ಇರುವುದು ಸ್ಥಳೀಯ ಭಾಷೆಯ ಪರೀಕ್ಷೆಯಲ್ಲಿ. ಮಾತಾಡಿದರೆ ಸಾಲದು, ಓದಿ ಬರೆಯಬೇಕು. ಗೋವಾದಲ್ಲಿ ಅಧಿಕೃತ ಕೊಂಕಣಿ ದೇವನಾಗರಿ ಲಿಪಿಯಲ್ಲಿ. ನೀವು ಶಾಲೆ ಕಲಿತದ್ದು ಕನ್ನಡದಲ್ಲಿ ಆದರೆ ಮೊದಲು ದೇವನಾಗರಿಯಲ್ಲಿ ಒಂದು ಪುಟ ಬರೆದು ನೋಡಿ.

ಸದಾಶಿವಗಡ

ಹಿಂದಿ ಬರೆಯುತ್ತೇನೆ, ಲಿಪಿ ಬರುತ್ತದೆ. ಆದರೆ ಕೊಂಕಣಿಯಲ್ಲಿ ಒಂದು ಅರ್ಜಿ ಸಹ ಇದುವರೆಗೆ ಬರೆದಿಲ್ಲ. ಕರ್ನಾಟಕವೇ ಹಾಕ್ತೇನೆ ಬಿಡಿ.

ಕುಮಟಾ ಕಡಲ

ಊರಿಗಾಗಿ ಹಾರಿ ಅಂದಿರಲ್ಲ, ಅದಕ್ಕೆ ನನ್ನದೊಂದು ಮಾತು. ಹತ್ತಿರದ ಪೋಸ್ಟಿಂಗ್ ಅನ್ನುವುದನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ, ಮಳೆಗಾಲದಲ್ಲಿ ಅಳೆಯಿರಿ. ಕುಮಟಾದಲ್ಲಿ ಮನೆ, ಅಂಕೋಲೆಯಲ್ಲಿ ಕೆಲಸ, ಅರ್ಧ ಜಿಲ್ಲೆ ಹೊಟ್ಟೆಕಿಚ್ಚು ಪಡುವ ಪೋಸ್ಟಿಂಗ್ ಅಂತ ಇದ್ದೆ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಹೋಯಿತು. ಅಷ್ಟು ಜನ ಸತ್ತ ಜಾಗದಲ್ಲಿ ನಮ್ಮ ಓಡಾಟದ ಕಷ್ಟ ಹೇಳಿಕೊಳ್ಳುವುದು ಸರಿಯಲ್ಲ, ಆದರೂ ಬ್ಯಾಂಕಿನವರಿಗೆ ಬಾಗಿಲು ತೆಗೆಯಲೇಬೇಕಲ್ಲ. ಅಂಕೋಲೆಯಲ್ಲೇ ರೂಮು ಹಿಡಿದು ಉಳಿದೆ. ಘಟ್ಟದ ಮೇಲೆ ಹಾಕಿದರೆ ದೇವಿಮನೆಯಲ್ಲೋ ಅರಬೈಲಿನಲ್ಲೋ ಏನು ಕಥೆ ಅಂತ ವಿಚಾರಿಸಿಯೇ, ದಿನಾ ಓಡಾಡುವುದಾ ರೂಮು ಹಿಡಿಯುವುದಾ ಅಂತ ನಿರ್ಧಾರ ಮಾಡಿ.

ಹಳೇ ಸಿಂಡಿಕೇಟ್

ರೂಮೇ ಹಿಡಿ ತಂಗೀ. ಮೊದಲ ಬ್ರಾಂಚಿನ ಊರಲ್ಲಿ ಉಳಿದವರಿಗೆ ಊರಿನ ಗುರುತಾಗುತ್ತದೆ. ನಮ್ಮ ಕಾಲದಲ್ಲಿ ಪಿಗ್ಮಿ ಏಜೆಂಟರ ಜೊತೆ ಸಂಜೆ ಪೇಟೆ ಸುತ್ತಿದರೆ ಯಾವ ಅಂಗಡಿ ನಡೆಯುತ್ತದೆ, ಯಾವುದು ಮುಳುಗುತ್ತದೆ ಅಂತ ಮ್ಯಾನೇಜರಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು.

ಅಂಕೋಲೆ ಹುಡುಗಿ

ಎಲ್ಲರಿಗೂ ಧನ್ಯವಾದ. ಮಾವನಿಗೆ 50-15-35 ಹೇಳಿದೆ. "ಇರ್ಬಹುದು" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಹೋಗುವುದು ಅಂತ ಗಟ್ಟಿ ಮಾಡಿದೆ. ಈಗ ಕಾಗದಪತ್ರದ ಭಯ. ಇವತ್ತೇ ರಾಜೀನಾಮೆ ಕೊಟ್ಟುಬಿಡಲಾ? 60 ದಿನ ಬೇಗ ಶುರುವಾದರೆ ಬೇಗ ಮುಗಿಯುತ್ತದಲ್ಲ.

ಎರಡೂ ನೀರು ಕುಡಿದವ

ಬೇಡವೇ ಬೇಡ! ಅಲಾಟ್‌ಮೆಂಟ್ ಬಂದದ್ದು ಐಬಿಪಿಎಸ್‌ನಿಂದ. ಅಪಾಯಿಂಟ್‌ಮೆಂಟ್ ಆರ್ಡರ್ ಕೊಡುವುದು ಬ್ಯಾಂಕು. ನಡುವೆ ದಾಖಲೆ ಪರಿಶೀಲನೆ ಇದೆ, ಅಲ್ಲಿ ಒಬಿಸಿ ಸರ್ಟಿಫಿಕೇಟಿನ ತಾರೀಖು ಸರಿ ಇಲ್ಲ ಅಂತಲೇ ಮನೆಗೆ ಹೋದವರಿದ್ದಾರೆ. ಆರ್ಡರ್ ಕೈಗೆ ಬರುವ ತನಕ ಈಗಿನ ಕುರ್ಚಿ ಬಿಡಬೇಡಿ. ಬಂದ ದಿನವೇ ರಾಜೀನಾಮೆ ಮೇಲ್ ಮಾಡಿ, ಬ್ರಾಂಚ್ ಮ್ಯಾನೇಜರ್ ಜೊತೆಗೆ ಎಚ್‌ಆರ್‌ಗೂ ಹೋಗಲಿ.

ನೋಟಿಸ್ ಕಡಿಮೆ ಬಿದ್ದರೆ ಉಳಿದ ದಿನದ ಸಂಬಳ ಕಟ್ಟಿ ಬಿಡಿಸಿಕೊಳ್ಳಲು ಬರುತ್ತದಾ ಅಂತ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರಿನಲ್ಲೇ ಬರೆದಿರುತ್ತದೆ, ಓದಿ. ಸೇರುವಾಗ ಟ್ರೈನಿಂಗ್ ಖರ್ಚಿನ ಬಾಂಡ್‌ಗೆ ಸಹಿ ಹಾಕಿದ್ದರೆ ಅದನ್ನೂ ಹುಡುಕಿ ತೆಗೆಯಿರಿ.

ಖಾಸಗಿಯೇ ಸೈ

ನಮ್ಮ ಕಡೆಯಿಂದ ಹೇಳುವುದಾದರೆ, ಬಿಡುವವರಿಂದ ಕ್ಯಾಶ್ ಹ್ಯಾಂಡೋವರ್ ಬರಹದಲ್ಲಿ ಮಾಡಿಸಿಕೊಳ್ಳುವುದು ಬ್ಯಾಂಕಿಗೆ ಎಷ್ಟು ಮುಖ್ಯವೋ ಬಿಡುವವರಿಗೂ ಅಷ್ಟೇ ಮುಖ್ಯ. ಕೊನೆಯ ದಿನ ಕ್ಯಾಶ್ ರಿಜಿಸ್ಟರಿನಲ್ಲಿ ಡಿನಾಮಿನೇಶನ್ ಬರೆದು, ತೆಗೆದುಕೊಂಡವರ ಸಹಿ ಹಾಕಿಸಿ. ಸಿಸ್ಟಮ್ ಯೂಸರ್ ಐಡಿ ಡಿಸೇಬಲ್ ಆಯಿತು ಅನ್ನುವ ಮೇಲ್ ಇಟ್ಟುಕೊಳ್ಳಿ. ನೀವು ಹೋದ ಮೇಲೆ ನಿಮ್ಮ ಐಡಿಯಲ್ಲಿ ಒಂದು ಎಂಟ್ರಿ ಬಿದ್ದರೂ ಉತ್ತರ ಕೊಡಲು ನಿಮ್ಮನ್ನೇ ಹುಡುಕುತ್ತಾರೆ. ಹೋಗುವವರಿಗೆ ಇಷ್ಟಾದರೂ ಉಪಕಾರ ಮಾಡುತ್ತೇನೆ.

ಕುಮಟಾ ಕಡಲ

ಪಿಎಫ್ ಮರೀಬೇಡಿ. ಗ್ರಾಮೀಣ ಬ್ಯಾಂಕಿನಲ್ಲಿ ನಿಮಗೆ ಎನ್‌ಪಿಎಸ್, ಈಗಿರುವುದು ಇಪಿಎಫ್. ಐದು ವರ್ಷ ತುಂಬದೆ ಪಿಎಫ್ ತೆಗೆದರೆ ತೆರಿಗೆ ಬೀಳುತ್ತದೆ, ಲೆಕ್ಕ ಹಾಕಿಯೇ ಕೈ ಹಾಕಿ. ಹಳೇ ಬ್ಯಾಂಕಿನವರು ಎಕ್ಸಿಟ್ ಡೇಟ್ ಹಾಕದೇ ಸತಾಯಿಸಿದರೆ, ಎರಡು ತಿಂಗಳ ನಂತರ ಇಪಿಎಫ್‌ಒ ವೆಬ್‌ಸೈಟಿನಲ್ಲಿ ನೀವೇ ಹಾಕಲು ಬರುತ್ತದೆ.

ಬೈಕೋ ಫೋನೋ ಇಎಂಐ ಬಾಕಿ ಇದ್ದರೆ ಈಗಲೇ ಕಟ್ಟಿ. ಬ್ಯಾಂಕಿಗೆ ಸೇರುವವರ ಸಿಬಿಲ್ (ಸಾಲ ತೀರಿಸಿದ ದಾಖಲೆಯ ರಿಪೋರ್ಟು) ನೋಡುತ್ತಾರೆ.

ಅಂಕೋಲೆ ಹುಡುಗಿ

ಸ್ಕೂಟಿ ಇಎಂಐ ಇದೆ, ಒಂದೂ ತಪ್ಪಿಲ್ಲ. ಆಯಿ ಹೆಸರಲ್ಲಿ ತೆಗೆದ ಬಂಗಾರದ ಸಾಲವೂ ನೋಡ್ತಾರಾ?

ಕುಮಟಾ ಕಡಲ

ಅವರ ಹೆಸರಲ್ಲಿ ಇದ್ದರೆ ಅವರದು. ನೀವು ಜಾಮೀನು ಹಾಕಿದ್ದರೆ ಮಾತ್ರ ನಿಮ್ಮ ರಿಪೋರ್ಟಿಗೆ ಬರುತ್ತದೆ.

ಅಂಕೋಲೆ ಹುಡುಗಿ

ಕೆಲವು ವಾರ ಬಿಟ್ಟು ಬರೆಯುತ್ತಿದ್ದೇನೆ. ದಾಖಲೆ ಪರಿಶೀಲನೆ ಆಯಿತು, ಆರ್ಡರ್ ಬಂತು. ಪೋಸ್ಟಿಂಗ್ ಹಾವೇರಿ ಜಿಲ್ಲೆ, ಒಂದು ಹಳ್ಳಿ. ಬೀದರ್ ಅಲ್ಲ ಅಂತ ಆಯಿ ದೇವರಿಗೆ ಕೈ ಮುಗಿದಳು. ಇಲ್ಲಿ ರಾಜೀನಾಮೆ ಕೊಟ್ಟೆ. ಮ್ಯಾನೇಜರು 60 ದಿನಕ್ಕೆ ಒಂದು ದಿನವೂ ಕಡಿಮೆ ಆಗುವುದಿಲ್ಲ ಅಂತ ಕೂತಿದ್ದಾರೆ, ಹಣ ಕಟ್ಟಿ ಬಿಡಿಸಿಕೊಳ್ಳುವ ಷರತ್ತು ಲೆಟರಿನಲ್ಲೇ ಇದೆ ಅಂತ ತೋರಿಸಿದರೆ "ಎಚ್‌ಆರ್ ಕೇಳಿ" ಅಂದರು. ಎಚ್‌ಆರ್ ಇನ್ನೂ ಉತ್ತರಿಸಿಲ್ಲ. ಸೇರುವ ತಾರೀಖು ಮುಂದೂಡಿ ಅಂತ ಗ್ರಾಮೀಣ ಬ್ಯಾಂಕಿಗೆ ಕೇಳಿದೆ. ಫೋನಿನಲ್ಲಿ "ಆಗಲಿ, ಮಾಡಿಕೊಡೋಣ" ಅಂದರು. ಇಷ್ಟು ಸಾಕಾ?

ಎರಡೂ ನೀರು ಕುಡಿದವ

ಸಾಲದು. ಫೋನಿನಲ್ಲಿ ಮಾತಾಡಿದವರು ನಾಳೆ ಬೇರೆ ಸೆಕ್ಷನ್ನಿಗೆ ಹೋಗಿರುತ್ತಾರೆ. ಆರ್ಡರಿನ ನಂಬರ್, ತಾರೀಖು ಹಾಕಿ, ಕಾರಣ ಬರೆದು, ನಿಮ್ಮ ರಾಜೀನಾಮೆ ಮೇಲ್‌ನ ಪ್ರತಿ ಲಗತ್ತಿಸಿ ಇವತ್ತೇ ಮೇಲ್ ಕಳಿಸಿ. ಇಂಥ ತಾರೀಖಿನ ತನಕ ವಿಸ್ತರಿಸಿದ್ದೇವೆ ಅಂತ ಉತ್ತರ ಬರಬೇಕು. ಎಚ್‌ಆರ್‌ಗೆ ಷರತ್ತಿನ ಕ್ಲಾಸ್ ನಂಬರ್ ಹಾಕಿಯೇ ಮತ್ತೊಂದು ಮೇಲ್ ಮಾಡಿ, ನೋಟಿಸ್ ಪೇ ಎಷ್ಟು ಅಂತ ಕೇಳಿ. ಬಿಡುತ್ತೀರಾ ಅಂತ ಕೇಳಬೇಡಿ.

ಘಟ್ಟದ ಮೇಲಿನವ

ಹಾವೇರಿ ಕಡೆ ಯಾವ ತಾಲೂಕು? ಹಾನಗಲ್ ಆದರೆ ಶಿರಸಿಯಿಂದ ಹತ್ತಿರವೇ ಆಯಿತು, ರೂಮು ವಿಚಾರಿಸಲು ನಮ್ಮವರು ಇದ್ದಾರೆ. ಮೆಸೇಜ್ ಹಾಕಿ.